ಅಕ್ಕ ಕಲಿತ ವರ್ತಮಾನಕಾಲ

ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನು, ನಿಮ್ಮ ಯಜಮಾನರು, ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳು ಕೈಸೇರಿ ಮೂರು ತಿಂಗಳಾಯಿತು. ಮುನಿಸಿಕೊಂಡಿರುತ್ತೀ, ಗೊತ್ತು. ಕೆಲಸ ಮುಗಿಸಿ ಬರುವಷ್ಟರಲ್ಲಿ ನನ್ನ ಮೈ ಹಿಂಡಿ ಬಿಸಾಡಿದ ಬಟ್ಟೆಯಂತಾಗಿರುತ್ತದೆ, ಪೆನ್ನು ಹಿಡಿಯಲೂ ಬೇಸರ. ಇವತ್ತು ರಜೆ. ಕಾಲು ನೀಡಿಕೊಂಡು ಕೂತು ಬರೆಯುತ್ತಿದ್ದೇನೆ.

ಒಂದು ಸುದ್ದಿ ಹೇಳಿದರೆ ನಗುತ್ತೀ. ಐವತ್ತೆರಡನೇ ವಯಸ್ಸಿನಲ್ಲಿ ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಮ್ಮ ಹೋಟೆಲಿನ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯ ಜಾಗ ಖಾಲಿಯಾಗಿತ್ತು. ರೂಮುಗಳಿಂದ ಬರುವ ಇಂಗ್ಲಿಷ್ ಚೀಟಿ ಓದಲು ಬರುವವರಿಗೇ ಆ ಕುರ್ಚಿ ಎಂದು ಮ್ಯಾನೇಜರು ಹೇಳಿದರು. ಪಾಳಿ ಮುಗಿದ ಮೇಲೆ ಇಸ್ತ್ರಿ ಮೇಜಿನ ಸುತ್ತ ಸ್ಟೂಲು ಹಾಕಿಕೊಂಡು ಪಾಠ. ಕಲಿಸುವವಳು ರಿಸೆಪ್ಶನ್ನಿನ ಹುಡುಗಿ. ವಯಸ್ಸು ನನ್ನ ಅರ್ಧದಷ್ಟಿರಬಹುದು, ಆದರೂ ನಾವೆಲ್ಲ ಟೀಚರ್ ಎಂದೇ ಕರೆಯುತ್ತೇವೆ.

ಅಕ್ಷರಗಳು ಶಾಲೆಯಲ್ಲೇ ಬಂದಿದ್ದರಿಂದ ಮೊದಲು ಹಿಡಿದದ್ದು ವರ್ತಮಾನಕಾಲವನ್ನು. ದಿನಾ ನಡೆಯುವುದಕ್ಕೆ, ಯಾವಾಗಲೂ ನಿಜವಾಗಿರುವುದಕ್ಕೆ ಇದನ್ನು ಬಳಸಬೇಕಂತೆ. ನೀವು ದಿನಾ ಏನು ಮಾಡುತ್ತೀರೋ ಹೇಳಿ ಎಂದಳು. 'ಐ ವಾಶ್. ಐ ಡ್ರೈ. ಐ ಐರನ್. ಐ ಫೋಲ್ಡ್' ಎಂದೆ. ಇನ್ನೇನು ಹೇಳಲಿ ಎಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ಬದುಕು ನಾಲ್ಕು ಮಾತಿನಲ್ಲಿ ಮುಗಿದುಹೋಯಿತಲ್ಲ ಎನಿಸಿತು.

ಅಷ್ಟೇ ಆಗಿದ್ದರೆ ಸರಿಯಿತ್ತು. ಹೀ, ಶೀ, ಇಟ್ ಬಂದರೆ ಕ್ರಿಯಾಪದದ ಬಾಲಕ್ಕೆ ಒಂದು 'ಎಸ್' ಕಟ್ಟಬೇಕು. ನಾನು ವಾಶ್ ಮಾಡಿದರೆ ವಾಶ್, ಅವಳು ಮಾಡಿದರೆ ವಾಶಸ್. ಬಾಯ್ಲರ್ ನೋಡಿಕೊಳ್ಳುವ ಹಬೆಯಣ್ಣನಿಗೆ (ಹಬೆಯ ನಡುವೆಯೇ ಇರುವುದರಿಂದ ನಾವಿಟ್ಟ ಹೆಸರು) ಇದು ಒಪ್ಪಿಗೆಯೇ ಆಗಲಿಲ್ಲ.

"ನಮ್ಮಲ್ಲಿ ಬರ್ತಾನೆ, ಬರ್ತಾಳೆ, ಬರ್ತಾರೆ, ಬರುತ್ತೆ ಅಂತ ಬೇರೆಬೇರೆ ಇದೆ. ಇವರಲ್ಲಿ ಮ್ಯಾನೇಜರ್ರಿಗೂ ಬಾಯ್ಲರಿಗೂ ಒಂದೇ ಎಸ್ಸಾ?" ಎಂದು ಕೇಳಿದ.

ಹೌದೆಂದಳು ಟೀಚರ್.

"ಹಾಗಾದ್ರೆ ಒಳ್ಳೇ ಭಾಷೇನೇ ಬಿಡಿ" ಎಂದ.

ನಕ್ಕೆವು. ಆದರೆ ನನ್ನ ನಾಲಿಗೆ ಮಾತ್ರ ಬಗ್ಗಲಿಲ್ಲ. ಬೇಕಾದಲ್ಲಿ ಎಸ್ ಬಿಟ್ಟುಹೋಗುತ್ತಿತ್ತು, ಬೇಡವಾದಲ್ಲಿ ಅಂಟುತ್ತಿತ್ತು. ಬಸ್ಸಿನಲ್ಲಿ ಕೂತು ಕಂಡಕಂಡವರ ಮೇಲೆಲ್ಲ ವಾಕ್ಯ ಕಟ್ಟಿದೆ. ಅವನು ಬಸ್ಸು ಓಡಿಸುತ್ತಾನೆ, ಡ್ರೈವ್ಸ್. ಆ ಅಜ್ಜಿ ನಿದ್ದೆ ಮಾಡುತ್ತಾಳೆ, ಸ್ಲೀಪ್ಸ್. ಆ ಅಜ್ಜಿಯನ್ನು ಕಂಡು ಹೊಟ್ಟೆಕಿಚ್ಚೂ ಆಯಿತು.

ಮೊನ್ನೆ ಗುರುವಾರ ಮ್ಯಾನೇಜರು ಪರೀಕ್ಷೆ ಮಾಡಿದರು. ನಿಮ್ಮ ಜೊತೆಯವಳು ಏನು ಮಾಡುತ್ತಾಳೆಂದು ಕೇಳಿದರು. 'ಶೀ ಫೋಲ್ಡ್' ಎಂದು ನಿಂತೆ. ಬಾಗಿಲ ಬಳಿಯಿದ್ದ ಟೀಚರ್ ಉಸಿರು ಬಿಗಿಹಿಡಿದದ್ದು ಕಾಣಿಸಿತು. 'ಫೋಲ್ಡ್ಸ್' ಎಂದೆ. ಬರುವ ಒಂದನೇ ತಾರೀಖಿನಿಂದ ಕುರ್ಚಿ ನನ್ನದು. ಎಲ್ಲರೂ ಬಂದು ಕೈಹಿಡಿದು ಸಂತೋಷಪಟ್ಟರು. ನನಗೇಕೋ ಮನೆಗೆ ಹೋಗಿ ಮಲಗಿದರೆ ಸಾಕೆನಿಸಿತ್ತು.

ಮಗಳ ಹಲ್ಲು ಬಿದ್ದ ವಿಷಯ ಬರೆದಿದ್ದೀ. ಕೂಸಿಗೆ ಆಗಲೇ ಆರು ವರ್ಷವೇ! ಅವಳು ನಿನ್ನ ಹಾಗೆ ಗಟ್ಟಿಯಾಗಿ ಬೆಳೆಯಲಿ, ನಿಮ್ಮ ಮನೆ ತಂಪಾಗಿರಲಿ.

ಇಂತು ನಿನ್ನ,
ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇಂಗ್ಲಿಷ್ ಕಲಿಯಲು ಕುರ್ಚಿ ಒಂದು ನೆಪ. ಅಮ್ಮನ ಕೊನೆಯ ದಿನಗಳ ಆಸ್ಪತ್ರೆ ಕಾಗದಗಳು ನನ್ನ ಪೆಟ್ಟಿಗೆಯಲ್ಲೇ ಇದ್ದವು. ಅವುಗಳಲ್ಲೊಂದಕ್ಕೆ ನನ್ನ ಸಹಿ ಇದೆ. ಯಾರ ಕೈಲಾದರೂ ಓದಿಸಬಹುದಿತ್ತು, ಆದರೆ ಅದರಲ್ಲಿರುವುದನ್ನು ಇನ್ನೊಬ್ಬರ ಬಾಯಿಂದ ಕೇಳುವ ಧೈರ್ಯವಿರಲಿಲ್ಲ. ನಿನ್ನೆ ನಾನೇ ಬೆರಳಿಟ್ಟು ಓದಿದೆ. 'ದಿ ಫ್ಯಾಮಿಲಿ ಡಸ್ ನಾಟ್ ಅಗ್ರೀ ಟು ದಿ ಆಪರೇಶನ್.' ಆಪರೇಶನ್ನಿಗೆ ಮನೆಯವರು ಒಪ್ಪುವುದಿಲ್ಲ ಅಂತ. 'ಡಸ್ ನಾಟ್' ಅಂದರೆ ಇಲ್ಲ ಎಂದು ಟೀಚರ್ ಹೋದ ವಾರವಷ್ಟೇ ಹೇಳಿಕೊಟ್ಟಿದ್ದಳು.

ನೀನು ಆಗ ಹೆರಿಗೆಯಾಗಿ ಮಲಗಿದ್ದೆ. ಮನೆಯವರು ಅಂದರೆ ನಾನೊಬ್ಬಳೇ. ನರ್ಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅರ್ಥವಾಗಲಿಲ್ಲ ಎನ್ನಲು ನಾಚಿಕೆಯಾಯಿತು. ಓದಿದವಳ ಹಾಗೆ ಕಣ್ಣಾಡಿಸಿ, ತಲೆಯಾಡಿಸಿ ಸಹಿ ಹಾಕಿದೆ. ಡಾಕ್ಟರು ಕೈಚೆಲ್ಲಿದರು ಎಂದು ನಿನಗೆ ಹೇಳಿದೆನಲ್ಲ, ನಾನೂ ಹಾಗೆಂದೇ ತಿಳಿದಿದ್ದೆ. ಮೊದಲ ಎರಡು ದಿನ ಹಾಗೆ ತಿಳಿದಿದ್ದೆ. ಆಮೇಲೆ, ಕೈಚೆಲ್ಲಿದವರು ಸಹಿ ಯಾಕೆ ಕೇಳುತ್ತಾರೆ ಎಂಬ ಅನುಮಾನ ಹತ್ತಿತು. ಆಗಲೂ ಅಮ್ಮನಿಗೆ ಉಸಿರಿತ್ತು. ನಾನು ಯಾರನ್ನೂ ಕೇಳಲಿಲ್ಲ.

ಆಪರೇಶನ್ ಆಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಆ ಕಾಗದದಲ್ಲಿಲ್ಲ. ನಿನಗೆ ಏನನಿಸುತ್ತದೋ ಅದನ್ನು ಬರೆ, ಎಷ್ಟು ಕಠಿಣವಾಗಿದ್ದರೂ ಓದುತ್ತೇನೆ.