ಕೈ ತೆಗೆದ ಮೇಲೆ

ಸೆಪ್ಟೆಂಬರ್ ೧೨, ರಾತ್ರಿ

ಇವತ್ತು ಲ್ಯಾಬಿನಲ್ಲಿ ನನ್ನ ಮಾನ ಹರಾಜಾಯಿತು. ಸಣ್ಣ ತೂತುಗಳಿಂದ ಗಾಳಿ ಊದುವ ಹಳಿಯ ಮೇಲೆ ಮೇಷ್ಟ್ರು ಒಂದು ಪುಟ್ಟ ಗಾಡಿಯನ್ನು ಮೆಲ್ಲಗೆ ತಳ್ಳಿ ಬಿಟ್ಟರು. ಅದು ಒಂದೇ ವೇಗದಲ್ಲಿ ತೇಲುತ್ತಾ ಹೋಯಿತು. "ಈಗ ಇದನ್ನ ಮುಂದಕ್ಕೆ ತಳ್ತಾ ಇರೋದು ಯಾರು?" ಎಂದು ನನ್ನನ್ನೇ ಕೇಳಿದರು.

"ನೀವು, ಸರ್."

"ನಾನು ಕೈ ತೆಗೆದು ಎಷ್ಟೊತ್ತಾಯ್ತು ತಾಯಿ, ನನ್ನ ತಲೆಗ್ಯಾಕೆ ಕಟ್ತೀಯ?"

ಎಲ್ಲರೂ ನಕ್ಕರು. ಕೆಳಗಿನ ಗಾಳಿ, ಗಾಡಿಯ ಭಾರ, ಎರಡೂ ಸಮ. ನೆಟ್ ಫೋರ್ಸ್, ಅಂದರೆ ಒಟ್ಟು ಬಲ, ಜೀರೋ. ಜೀರೋ ಅಂದರೆ ನಿಲ್ಲುವುದು ಎಂದೇ ಇಷ್ಟು ದಿನ ಉರು ಹೊಡೆದಿದ್ದೆ. ಹೋಗುತ್ತಿದ್ದದ್ದು ಹೋಗುತ್ತಲೇ ಇರುತ್ತದಂತೆ, ಏನಾದರೂ ಅಡ್ಡ ಬರುವ ತನಕ.

ಊಟವಾದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಕೋರ್ಸು ಬಿಡುವುದಕ್ಕೆ ನಾಳೆಯೇ ಕೊನೆಯ ದಿನ. "ಈ ಇಂಜಿನಿಯರಿಂಗ್ ನಂಗಾಗಲ್ಲ ಅನ್ಸುತ್ತಪ್ಪ" ಅಂದೆ.

"ನಿಂಗೆ ಬಿಟ್ಟಿದ್ದಮ್ಮ. ನಾನು ಯಾವತ್ತಾದ್ರೂ ಬಲವಂತ ಮಾಡಿದೀನಾ?"

ಐದನೇ ಕ್ಲಾಸಿನಲ್ಲಿ ಕೈಗೆ ಟ್ರಂಕು ಕೊಟ್ಟು ಹಾಸ್ಟೆಲ್ ಗೇಟಿನೊಳಗೆ ಬಿಟ್ಟವರು ಇವರೇ. ಆಮೇಲೆ, ನಿಜ, ಬೆರಳೂ ತಾಗಿಸಿಲ್ಲ. ಹಿಂದಿನಿಂದ ಅಮ್ಮ, "ಅವಳಿಷ್ಟ ಕಣ್ರೀ" ಅಂದಳು. ಬಿಡಬೇಡ ಎಂದು ಬೈದಿದ್ದರೆ ಜಗಳವಾಡಿ ಕೋರ್ಸು ಬಿಟ್ಟುಬಿಡುತ್ತಿದ್ದೆ. ಮನೆಗೆ ಬಾ ಎಂದು ಕರೆದಿದ್ದರೆ ಅಳುತ್ತಾ ಓಡಿಹೋಗುತ್ತಿದ್ದೆ. ಇಬ್ಬರೂ ಎಷ್ಟು ಒಳ್ಳೆಯವರು, ಥೂ.

"ಹಾಗಾದ್ರೆ ಏನ್ ಮಾಡ್ತೀಯ?" ಎಂದರು ಅಪ್ಪ.

"ಓದ್ತೀನಿ ಬಿಡಿ" ಅಂದೆ. ನನ್ನ ಬಾಯೇ ಅಂದಿತು. ಅಪ್ಪನಿಗೆ ಎಷ್ಟು ಸಮಾಧಾನವಾಯಿತು ಎಂದರೆ, ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಇನ್ನು ನಾಲ್ಕು ವರ್ಷ ಹೀಗೇ ಹೋಗುತ್ತಿರುತ್ತೇನೆ, ಏನಾದರೂ ಅಡ್ಡ ಬರುವ ತನಕ.