ಡೆಲ್ಲಿಯಲ್ಲಿ ಕೊಯ್ದ ಜಡೆ

ಹಳ್ಳಿಮೈಸೂರು
೧೮-೧-೧೯೬೧

ಚಿರಂಜೀವಿ ದೊಡ್ಡತಾಯಮ್ಮನಿಗೆ ನಿನ್ನ ಸೋದರಮಾವ ನಂಜಪ್ಪ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನನ್ನನ್ನೂ ಸೇರಿಸಿ ಬರೆಯೋಣವೆಂದರೆ ಬಲಮಂಡಿ ಒಪ್ಪುವುದಿಲ್ಲ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ, ಮೂರು ಸಲವೂ ಎದ್ದೆ. ನಾಲ್ಕನೇ ಕ್ಲಾಸು ಓದಿದವನು ಸ್ಕೂಲಿನ ಮೇಡಮ್ಮಿಗೆ ಬರೆಯುವಾಗ ಕೈ ಹಿಂಜರಿಯುತ್ತದೆ ಅಂದುಕೊ. ಆದರೂ ಈ ಹೋಬಳಿಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಶಾನುಭೋಗರೊಬ್ಬರೇ. ಅವರಿಗೂ ಈಗ ಕೈ ನಡುಗುತ್ತದೆ.

ಚನ್ನರಾಯಪಟ್ಟಣದ ನಿನ್ನ ಹದಿನಾರು ಹುಡುಗಿಯರು ಹಾಸನದ ಉತ್ಸವದಲ್ಲಿ ಜಡೆ ಕೋಲಾಟ ಆಡಬೇಕು, ಹೊರದೇಶದವರೂ ಅಲ್ಲಿ ತಮ್ಮ ಕುಣಿತ ತೋರಿಸುತ್ತಾರೆ ಎಂದು ಬರೆದಿದ್ದೀಯ. ಹುಡುಗಿಯರು ಕಂಬದ ಹಗ್ಗಗಳನ್ನು ಕುಣಿಯುತ್ತ ಜಡೆ ಹೆಣೆಯುವುದನ್ನು ಕಲಿತರು, ಬಿಚ್ಚುವುದು ಬರುತ್ತಿಲ್ಲ. ಬರುವುದಾದರೂ ಹೇಗೆ? ಹಿಂದಕ್ಕೆ ಹೆಜ್ಜೆ ಹಾಕಿ ಜಡೆ ಬಿಚ್ಚುವ ವಿದ್ಯೆ ಈಗ ನಮ್ಮ ತಾಲ್ಲೂಕಿನಲ್ಲೇ ನಿಮ್ಮಪ್ಪನಿಗೆ ಮಾತ್ರ ಗೊತ್ತು. ಹೆಣೆಯುವುದರಲ್ಲಿ ನಾನು ಹುಲಿ. ಬಿಚ್ಚುವಾಗ ಮಾತ್ರ ರುದ್ರಯ್ಯ ಭಾವನ ಕಾಲು ನೋಡಿಕೊಂಡೇ ಹೋಗುತ್ತಿದ್ದೆ.

ಆ ಭಾವ ಆರು ವರ್ಷದಿಂದ ಹಳೇಕೋಟೆಯಲ್ಲಿ ಕೋಲುಗಳನ್ನು ಅಟ್ಟಕ್ಕೆ ಹಾಕಿ ಕೂತಿದ್ದಾರೆ. ಹೇಳಿಕೊಡು ಬಾಪ್ಪ ಎಂದು ನೀನು ಕರೆದದ್ದಕ್ಕೆ, “ಡೆಲ್ಲೀಲಿ ಮಾನ ಕಳ್ದ ಕಾಲು ಕಣವ್ವ ಇದು, ಮಕ್ಕಳ್ಗೆ ಏನು ಕಲ್ಸಾದು” ಅಂದರಂತೆ. ಡೆಲ್ಲಿಯಲ್ಲಿ ಏನಾಯಿತು, ನೀನಾದರೂ ಹೇಳು ಮಾವ ಎಂದು ಕೇಳಿದ್ದೀಯ. ಹೇಳುತ್ತೇನೆ.

ಐವತ್ತೈದರ ಜನವರಿಯಲ್ಲಿ ಗಣರಾಜ್ಯೋತ್ಸವದ ಕುಣಿತಕ್ಕೆಂದು ನಾವು ಹದಿನಾರು ಜನ ರೈಲು ಹತ್ತಿದೆವು. ನಿಮ್ಮಪ್ಪನಿಗೆ ದಾರಿಯುದ್ದಕ್ಕೂ ಜ್ವರ. ಡೆಲ್ಲಿಯ ಚಳಿಯಲ್ಲಿ ಸಾಲು ಡೇರೆ, ಒಂದೊಂದು ಡೇರೆಯಲ್ಲೂ ಒಂದೊಂದು ನಾಡು. ಪಂಜಾಬಿನವರು ಭುಜ ಕುಣಿಸಿದರೆ ಡೇರೆಯ ಗೂಟ ಅಲ್ಲಾಡುತ್ತಿತ್ತು. ನಾಗಾ ಜನ ತಲೆಗೆ ಹಕ್ಕಿಗರಿ ಸಿಕ್ಕಿಸಿಕೊಂಡು ಸಾಲಾಗಿ ನೆಲ ತುಳಿಯುತ್ತಿದ್ದರು. ಸೌರಾಷ್ಟ್ರದವರದೂ ಕೋಲೇ, ನಮ್ಮದಕ್ಕಿಂತ ಗಿಡ್ಡ. ನಾನು ಎಲ್ಲರ ಡೇರೆಗೂ ನುಗ್ಗಿ ನಮ್ಮ ಹೆಜ್ಜೆ ತೋರಿಸಿ ಬಂದೆ. ಹಳ್ಳಿಮೈಸೂರಿನ ನಂಜಪ್ಪ ಎಂದರೆ ಅಡಿಗೆಯವರೂ ಎದ್ದು ನಿಲ್ಲುತ್ತಿದ್ದರು. ಎದ್ದು ನಿಲ್ಲದಿದ್ದರೂ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಒಬ್ಬಳು ಇಂಗ್ಲಿಷ್ ಹೆಂಗಸು ನಮ್ಮ ಕಂಬವನ್ನು ಸುತ್ತಿ ಸುತ್ತಿ ನೋಡಿದಳು. ಅವರ ಹಳ್ಳಿಗಳಲ್ಲೂ ಬೇಸಿಗೆ ಬಂದರೆ ಕಂಬ ನೆಟ್ಟು, ತುದಿಗೆ ಬಣ್ಣದ ರಿಬ್ಬನ್ ಕಟ್ಟಿ, ಮಕ್ಕಳು ಒಬ್ಬರ ಮೇಲೆ ಒಬ್ಬರ ಕೆಳಗೆ ನುಸುಳುತ್ತ ಹೀಗೇ ಹೆಣೆದು ಬಿಚ್ಚುತ್ತಾರಂತೆ. ನಮ್ಮೂರಿನಿಂದಲೇ ಕದ್ದಿರಬೇಕು, ಕೇಳಿ ಅಂದೆ. ನಮ್ಮನ್ನು ಕರೆದುಕೊಂಡು ಹೋಗಿದ್ದ ಆಫೀಸರು ಅದೊಂದನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಲಿಲ್ಲ.

ಪಕ್ಕದ ಮೈದಾನದಲ್ಲಿ ರಷ್ಯಾದವರು ಅಭ್ಯಾಸ ಮಾಡುತ್ತಿದ್ದರು. ಅವರ ಗಂಡಸರು ಕುಕ್ಕರುಗಾಲಲ್ಲಿ ಕೂತು, ಎದೆಗೆ ಕೈ ಕಟ್ಟಿ, ಒಂದಾದ ಮೇಲೊಂದು ಕಾಲು ಒದೆಯುತ್ತಾರೆ ತಾಯಿ. ನಾನು ಡೇರೆಯ ಹಿಂದೆ ಎರಡು ದಿನ ಅದನ್ನೇ ಮಾಡಿ ನೋಡಿದೆ. “ನಮ್ ಕುಣ್ತ ಸಾಲ್ದೇನ್ಲಾ ನಂಜ” ಎಂದು ಭಾವ ನಕ್ಕರು.

ನಮ್ಮ ಸರದಿ ಬಂತು. ನನ್ನದು ಹಳದಿ ಹಗ್ಗ, ಭಾವನದು ಕೆಂಪು, ಇಬ್ಬರೂ ಎದುರುಬದುರು. ಮೂರು ಸುತ್ತು ಜಡೆ ಹಾವಿನ ಮೈಯಂತೆ ಹೆಣೆದುಕೊಂಡಿತು. ನಾಲ್ಕರಲ್ಲಿ ಇಬ್ಬರಿಗೂ ಡಿಕ್ಕಿಯಾಗಿ ನಾನು ಉರುಳಿದೆ. ಎದ್ದು ಹೇಗೋ ಮುಗಿಸಿದೆವು. ಬಿಚ್ಚಲು ಹಿಂದೆ ತಿರುಗಿದರೆ ಜಡೆ ಬರಲಿಲ್ಲ. ಹಳದಿಗೂ ಕೆಂಪಿಗೂ ಗಂಟು ಬಿದ್ದಿತ್ತು. ಅಷ್ಟು ಜನರ ಮುಂದೆ ಹದಿನಾರು ಜನ ಹಗ್ಗ ಹಿಡಿದು ನಿಂತೆವು.

ನಮಗೆ ಕಲಿಸಿದ ಗಂಗಾಧರಯ್ಯ ಮೇಷ್ಟರ ಕಟ್ಟಳೆ ನಿನಗೆ ಗೊತ್ತಿರಲಿ. ಜಡೆಗೆ ಕತ್ತಿ ಸೋಕಿಸಬಾರದು. ಗಂಟು ಬಿದ್ದರೆ ಎಲ್ಲರೂ ನೆಲದ ಮೇಲೆ ಕೂತು ಕೈಯಲ್ಲೇ ಬಿಡಿಸಬೇಕು. ಯಾರ ಹಗ್ಗ ತಪ್ಪಿದೆಯೋ ಅವನು ಮಂಡಿಯೂರಿ ಕಂಬಕ್ಕೆ ಹಣೆ ಹಚ್ಚಬೇಕು. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತಬಾರದು. ನಾವು ಚಿಕ್ಕವರಿದ್ದಾಗ ಎಷ್ಟೋ ಸಲ ಹಚ್ಚಿದ್ದೇವೆ, ನಕ್ಕಿದ್ದೇವೆ.

ಡೆಲ್ಲಿಯಲ್ಲಿ ಹಾಗಾಗಲಿಲ್ಲ. ಕಂಬ ಮಲಗಿಸುತ್ತಲೇ ನಾನು ಸೊಂಟದ ಚೂರಿ ತೆಗೆದು ಜಡೆ ಕೊಯ್ದುಬಿಟ್ಟೆ. ಮುಂದಿನ ತಂಡಕ್ಕೆ ಜಾಗ ಬಿಡಬೇಕು, ಕೂತು ಬಿಡಿಸಲು ಹೊತ್ತೆಲ್ಲಿದೆ ಅಂದೆ. ಯಾರ ತಪ್ಪೆಂದು ಗೊತ್ತಾಗದೇ ಹೋಯಿತು. ಜ್ವರದವನನ್ನು ಕುಣಿಸಬಾರದಿತ್ತು ಎಂದು ಜೊತೆಯವರು ಆಡಿಕೊಂಡರು. ಬರುವಾಗ ರೈಲಿನಲ್ಲಿ ಭಾವ ಕೇಳಿದರು, “ನಂಜ, ನನ್ ಕಾಲೇ ತಪ್ತೇನ್ಲಾ?”

ನಾನು, “ಇರ್ಬೌದು ಕಣ್ ಬಾವ, ಜ್ವರ ಅಲ್ವಾ” ಅಂದೆ.

ಅಷ್ಟೇ ಆದದ್ದು. ಊರಿಗೆ ಬಂದವರೇ ಅವರು ಕೋಲು ಅಟ್ಟಕ್ಕೆ ಹಾಕಿದರು. ಅವರಿಲ್ಲದೆ ಬಿಚ್ಚುವವರಿಲ್ಲ, ಬಿಚ್ಚುವವರಿಲ್ಲದೆ ತಂಡವಿಲ್ಲ. ಅರಕಲಗೂಡಿನವರು ಕುಣಿತಕ್ಕೆ ಎರಡು ವರ್ಷ ಕರೆದು ಸುಮ್ಮನಾದರು. ನಿನ್ನವ್ವ ಬೆಟ್ಟಮ್ಮ ಸಂಕ್ರಾಂತಿಗೆ ಎಳ್ಳು ಕಳಿಸುತ್ತಾಳೆ. ನಾನು ಮಾತ್ರ ಹಳೇಕೋಟೆಗೆ ಹೋಗುವುದಿಲ್ಲ. ಕೇಳಿದವರಿಗೆ ಮಂಡಿನೋವು ಅನ್ನುತ್ತೇನೆ. ಊರಿಗೆ ಬಂದ ವಾರವೇ ಗಾಡಿಯಿಂದ ಬಿದ್ದೆನಲ್ಲ, ಆ ನೋವು.

ನನ್ನ ಮಾತು ಕೇಳು. ಜಡೆ ಬಿಟ್ಟುಬಿಡು. ಸಾದಾ ಕೋಲಾಟ ಆಡಿಸು, ಹೊರದೇಶದವರಿಗೆ ಅದೇ ಹೆಚ್ಚು. ನಿಮ್ಮಪ್ಪನನ್ನು ಅವರ ಪಾಡಿಗೆ ಬಿಡು. ನನಗೂ ಐವತ್ತೆಂಟು. ಜಂಬ ಕೊಚ್ಚುವುದಕ್ಕೂ ಈಗೀಗ ಸುಸ್ತಾಗುತ್ತದೆ.

ಇಂತಿ ನಿನ್ನ ಸೋದರಮಾವ,
ದುಂಡಕ್ಷರದ
ನಂಜಪ್ಪ

ಕಾಗದದ ಕೆಳಗೆ ಇನ್ನಷ್ಟು. ಮರೆತದ್ದಲ್ಲ, ಮೇಲೆ ಬರೆಯಲು ಆಗದೇ ಹೋದದ್ದು.

ನಾನು ಗಾಡಿಯಿಂದ ಬೀಳಲಿಲ್ಲ ತಾಯಿ. ನಾಲ್ಕನೇ ಸುತ್ತಿನಲ್ಲಿ, ಡೆಲ್ಲಿಯೆಲ್ಲ ನನ್ನನ್ನೇ ನೋಡಲಿ ಎಂದು, ರಷ್ಯಾದವರಂತೆ ಕುಕ್ಕರುಗಾಲಲ್ಲಿ ಕೂತು ಒಂದು ಒದೆ ಒದ್ದೆ. ಮಂಡಿ ಲಟಕ್ ಅಂತು. ಮಿಕ್ಕವರ ಕಣ್ಣು ತಲೆಯ ಮೇಲಿನ ಹಗ್ಗದಲ್ಲಿತ್ತು. ಭಾವ ತಮ್ಮ ಹೆಜ್ಜೆಯಲ್ಲೇ ಬಂದು ನನ್ನನ್ನು ಎಡವಿದರು. ನಾನು ಏಳುವಷ್ಟರಲ್ಲಿ ಎರಡು ತಾಳ ಹೋಗಿತ್ತು. ಕೆಂಪಿನ ಕೆಳಗೆ ನುಸುಳಬೇಕಾದವನು ಮೇಲೆ ಹೋದೆ.

ಕೊಯ್ದ ಜಡೆಯನ್ನು ಡೆಲ್ಲಿಯಲ್ಲೇ ಎಸೆದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಎಸೆಯಲು ಕೈ ಬರಲಿಲ್ಲ. ಆರು ವರ್ಷ ನನ್ನ ಟ್ರಂಕಿನಲ್ಲಿತ್ತು. ಈ ಕಾಗದದ ಜೊತೆ ಪಂಚೆಯಲ್ಲಿ ಸುತ್ತಿ, ನಿಮ್ಮೂರಿನ ಕಡೆ ಹೊರಟಿದ್ದ ಪರಮಶಿವಯ್ಯನ ಕೈಲಿ ಕಳಿಸಿದ್ದೇನೆ. ಶನಿವಾರ ಹಳೇಕೋಟೆಗೆ ಒಯ್ಯಿ. ನೀನು ಬಿಡಿಸಬೇಡ, ಭಾವನ ಕೈಯಲ್ಲೇ ಬಿಡಿಸು. ಒಂದು ಸಲ ಮೇಲೆ ಒಂದು ಸಲ ಕೆಳಗೆ ಹೋಗಬೇಕಾದಲ್ಲಿ ಎರಡು ಸಲವೂ ಮೇಲೆ ಹೋಗಿರುವುದು ಹಳದಿ. ಹಳದಿ ಯಾರದೆಂದು ಅವರಿಗೆ ನೀನು ಹೇಳಬೇಕಾಗಿಲ್ಲ.

ಹಾಸನಕ್ಕೆ ನಾನೂ ಬರುತ್ತೇನೆ. ಹಣೆ ಹಚ್ಚಲು ಮಂಡಿ ಬಗ್ಗುವುದಿಲ್ಲ. ನಿಂತೇ ಹಚ್ಚಿದರೆ ಆದೀತೇ ಎಂದು ಭಾವನನ್ನು ಕೇಳಿ ಬರೆ.