ಮೂರು ಬೇರುಗಳು

ಮಾರ್ಚ್ ೧೪, ಗುರುವಾರ

ಆ ನರ್ಸಕ್ಕನ ದನಿ ಕಿವಿಯಿಂದ ಹೋಗುತ್ತಿಲ್ಲ. ಆಸ್ಪತ್ರೆಯ ಸೋಂಕು ಯಾರಿಂದ ಶುರುವಾಯಿತೆಂದು ತಿಳಿಯಲು ರೋಗಾಣುಗಳ ವಂಶವೃಕ್ಷ ಕಟ್ಟಿದವಳು ನಾನೇ. ಬೇರು, ಅಂದರೆ ಸೋಂಕಿನ ಮೂಲ, ಆ ನರ್ಸಕ್ಕನಲ್ಲಿದೆ ಎಂದು ವರದಿ ಕೊಟ್ಟೆ. ಅವರ ಕೆಲಸ ಹೋಯಿತು. ಕೊಂಬೆಗಳನ್ನು ಜೋಡಿಸಬಹುದಾದ ಎಲ್ಲ ಬಗೆಗಳನ್ನೂ ಪರೀಕ್ಷಿಸಲು ಹಳೆಯ ಪ್ರೋಗ್ರಾಮಿಗೆ ತಿಂಗಳು ಬೇಕಿತ್ತು. ಆತುರಕ್ಕೆ ಬಿದ್ದು ಅರ್ಧಕ್ಕೇ ನಿಲ್ಲಿಸಿದ್ದೆ.

ಇಂದು ನನ್ನ ಹೊಸ ವಿಧಾನ ನಾಲ್ಕೇ ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿತು. ಬೇರು ನರ್ಸಕ್ಕನೂ ಸೇರಿ ಮೂವರಲ್ಲಿ ಯಾರಲ್ಲಾದರೂ ಇರಬಹುದಂತೆ. ಸಾಧ್ಯತೆಯ ಲೆಕ್ಕದಲ್ಲಿ ಮೂವರಿಗೂ ಒಂದೇ ಅಂಕ.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರು, "ಮುಗಿದ ವರದಿ ಯಾಕಮ್ಮ ಕೆದಕ್ತೀಯ?" ಎಂದರು.

ನಾನೇ ನರ್ಸಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಹಾಗಾದ್ರೆ ನಾನಲ್ವಾ?"

"ನೀವಲ್ಲ ಅಂತಲೂ ಹೇಳೋಕಾಗಲ್ಲ ಅಕ್ಕ. ಇನ್ಯಾವತ್ತೂ ಗೊತ್ತಾಗಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅಳ್ಬೇಡ, ಊಟ ಮಾಡಿ ಮಲ್ಕೋ" ಎಂದು ಸಮಾಧಾನ ಮಾಡಿದರು. ನನಗೆ! ಅವರ ಕೆಲಸ ಕಳೆದ ನನಗೆ!